ಜಗಳದ ಮೂರನೆಯವನು

ತಮ್ಮಾ, ಜಿಲ್ಲಾ ನ್ಯಾಯಾಲಯದಲ್ಲಿ ಕ್ರಿಮಿನಲ್ ವಕೀಲಿ ಮಾಡುತ್ತಲೇ ತಲೆ ನರೆತವನು ನಾನು. ಹೊಡೆದಾಟದ ದೂರುಗಳನ್ನು ಎಷ್ಟು ಓದಿದ್ದೇನೆಂದರೆ ಮೊದಲ ಸಾಲು ಕಂಡರೆ ಸಾಕು, ಉಳಿದದ್ದು ಬಾಯಿಪಾಠ. ‘ವಿನಾಕಾರಣ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಕಾಲಿನಿಂದ ಒದ್ದು, ಪ್ರಾಣ ಬೆದರಿಕೆ ಹಾಕಿರುತ್ತಾರೆ. ಅಷ್ಟರಲ್ಲಿ ಅಲ್ಲಿಯೇ ಇದ್ದ ಇಂಥವರು ಬಂದು ಜಗಳ ಬಿಡಿಸಿರುತ್ತಾರೆ.’ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಹಳೆಯ 323, 324, 504, 506ನೇ ಕಲಮುಗಳು 115, 118, 352, 351 ಆದವು. ಒಕ್ಕಣೆ ಮಾತ್ರ ಹಾಗೆಯೇ ಇದೆ.

ಅದರಲ್ಲಿ ‘ವಿನಾಕಾರಣ’ ಎಂಬುದನ್ನು ನಂಬಬೇಡ. ಕಾರಣ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಒಂದಲ್ಲ, ನಾಲ್ಕೈದು. ಹೊಡೆದವನಿಗೇ ಆ ಗಳಿಗೆಯಲ್ಲಿ ಅವು ಕಾಣುವುದಿಲ್ಲ, ಅಷ್ಟೆ. ಇನ್ನು, ಜಗಳ ಬಿಡಿಸಿದನೆಂದು ಕೊನೆಯಲ್ಲಿ ಬರುತ್ತಾನಲ್ಲ ಆ ಮೂರನೆಯವನು, ಅವನನ್ನು ಮರೆಯಬೇಡ. ನಾನು ಇವತ್ತು ಹೇಳಬೇಕೆಂದಿರುವುದು ಹೆಚ್ಚಾಗಿ ಅವನ ಬಗ್ಗೆಯೇ.

ಹೊಡೆದಾಡುವವರು ಬೇರೆ ಜಾತಿಯ ಜನ, ರೌಡಿಗಳು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನೀನು ಅಂದುಕೊಂಡಿರಬಹುದು. ಜಾಮೀನಿಗೆಂದು ವಕೀಲರ ಮನೆ ಬಾಗಿಲಿಗೆ ಬರುವ ಅಪ್ಪಂದಿರು ಹೇಳುವುದು ಒಂದೇ ಮಾತು: “ನಮ್ಮ ಹುಡುಗ ಅಂಥೋನಲ್ಲ ಸಾರ್.” ಅವರಲ್ಲಿ ಬಹಳ ಮಂದಿ ಸುಳ್ಳು ಹೇಳುತ್ತಿರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಹಣದಾಸೆಗೆ, ಲಾಭಕ್ಕೆ ನಡೆದವು 1,884. ‘ತಕರಾರು’ ಎಂಬ ಕಾರಣದಡಿ ಬಂದವು 9,962, ಅಂದರೆ ಐದು ಪಟ್ಟಿಗಿಂತ ಹೆಚ್ಚು. ಜಮೀನಿನ ವ್ಯಾಜ್ಯ, ಮನೆಯೊಳಗಿನ ವೈಮನಸ್ಯ ಎಲ್ಲ ಅದರಲ್ಲಿ ಸೇರಿದೆ, ನಿಜ. ಆದರೂ ದುಡ್ಡಿಗಾಗಿ ಕೊಲ್ಲುವವನಿಗಿಂತ ತಕರಾರು ಬೆಳೆದು ಕೊಲ್ಲುವವನೇ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ. ಇದು ನಮ್ಮಲ್ಲಿ ಮಾತ್ರವಲ್ಲ. ಮಾರ್ವಿನ್ ವುಲ್ಫ್‌ಗ್ಯಾಂಗ್ ಎಂಬ ವಿದ್ವಾಂಸ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1948ರಿಂದ 1952ರವರೆಗೆ ನಡೆದ 588 ಕೊಲೆಗಳ ಪೊಲೀಸ್ ಕಡತಗಳನ್ನು ಓದಿ 1958ರಲ್ಲಿ ಪುಸ್ತಕ ಬರೆದ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕೊಲೆಗಳ ಹಿಂದೆ ಇದ್ದದ್ದು ಬೈಗುಳ, ತಳ್ಳಾಟದಂಥ ಸಣ್ಣ ವಿಷಯ. ಸುಮಾರು ನಾಲ್ಕರಲ್ಲಿ ಒಂದರಲ್ಲಿ ಮೊದಲು ಕೈ ಎತ್ತಿದವನೇ ಸತ್ತಿದ್ದ. ಯಾರು ಆರೋಪಿ, ಯಾರು ಹೆಣ ಎಂಬುದು ಕೊನೆಯ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿತ್ತು.

ಆ ಅರ್ಧ ನಿಮಿಷ ಹೇಗಿರುತ್ತದೆಂದು ನೋಡು. ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿ. ಸಂಜೆ. ಮಳೆ ನಿಂತು ರಸ್ತೆಯ ಗುಂಡಿಯಲ್ಲಿ ನೀರು. ಒಬ್ಬ ಬೈಕಿನಲ್ಲಿ ಬಂದ, ನಿಂತಿದ್ದವನ ಪ್ಯಾಂಟಿಗೆ ಕೆಸರು ಹಾರಿತು. “ಏನೋ, ಕಣ್ಣು ಕಾಣಲ್ವಾ?” ಇಲ್ಲಿ “ಸಾರಿ ಗುರು, ಗೊತ್ತಾಗ್ಲಿಲ್ಲ” ಅಂದಿದ್ದರೆ ಕಥೆ ಮುಗಿಯುತ್ತಿತ್ತು. ಬೈಕಿನವನ ಹಿಂದೆ ಗೆಳೆಯ ಕೂತಿದ್ದ. ಕೆಸರಾದವನ ಪಕ್ಕದಲ್ಲಿ ಮೂವರು ಚಹಾ ಕುಡಿಯುತ್ತಿದ್ದರು. “ಸರಿಯಾಗಿ ಮಾತಾಡು.” “ಏನೋ ಗುರಾಯಿಸ್ತೀಯ?” “ನಾನ್ಯಾರು ಗೊತ್ತಾ?” “ಯಾರಾದ್ರೆ ನನಗೇನು?” ಬೈಕಿನ ಸ್ಟ್ಯಾಂಡ್ ಬಿತ್ತು. “ಕೈ ಇಟ್ಟು ನೋಡು.” “ಗಂಡ್ಸಾದ್ರೆ ಬಾ.” ಆಮೇಲೆ ಕೈಗೆ ಸಿಕ್ಕಿದ್ದು ಹೆಲ್ಮೆಟ್ಟೋ, ಅಂಗಡಿಯ ಸೋಡಾ ಬಾಟಲಿಯೋ, ಸೈಜುಗಲ್ಲೋ. ಮರುದಿನದ ಪತ್ರಿಕೆಯಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಹಲ್ಲೆ’.

ಡೇವಿಡ್ ಲಕನ್‌ಬಿಲ್ ಎಂಬ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ 70 ಕೊಲೆಗಳನ್ನು ಹೀಗೆಯೇ ಮಾತು ಮಾತಾಗಿ ಬಿಡಿಸಿ ನೋಡಿ 1977ರಲ್ಲಿ ಪ್ರಕಟಿಸಿದ. ಎಲ್ಲದರಲ್ಲೂ ಆರು ಹೆಜ್ಜೆಗಳು. ಒಬ್ಬ ಏನೋ ಅನ್ನುತ್ತಾನೆ ಅಥವಾ ಮಾಡುತ್ತಾನೆ. ಇನ್ನೊಬ್ಬ ಅದು ತನಗಾದ ಅವಮಾನ ಎಂದು ತಿಳಿಯುತ್ತಾನೆ. ತಿರುಗಿ ಅನ್ನುತ್ತಾನೆ. ಮೊದಲನೆಯವನು ಹಿಂದೆ ಸರಿಯುವುದಿಲ್ಲ. ಇನ್ನು ಕೈಯೇ ತೀರ್ಮಾನಿಸಲಿ ಎಂದು ಇಬ್ಬರೂ ಬಾಯಿಬಿಡದೆ ಒಪ್ಪಿಕೊಳ್ಳುತ್ತಾರೆ. ಐದನೆಯದರಲ್ಲಿ ಏಟು ಬೀಳುತ್ತದೆ. ಆರನೆಯದು, ಓಡಿಹೋಗುವುದು ಅಥವಾ ಸಿಕ್ಕಿಬೀಳುವುದು. ಲಕನ್‌ಬಿಲ್ ಕಂಡ ಮುಖ್ಯ ವಿಷಯ ಬೇರೆ: ಬಹುಪಾಲು ಪ್ರಕರಣಗಳಲ್ಲಿ ಸುತ್ತ ಜನರಿದ್ದರು. ಅವರಲ್ಲಿ ಕೆಲವರು ಹುರಿದುಂಬಿಸಿದ್ದರು, ಕೆಲವರು ಸುಮ್ಮನೆ ನಿಂತಿದ್ದರು. ಸುಮ್ಮನೆ ನಿಂತದ್ದನ್ನು ಹೊಡೆದಾಡುವವರು ಸಮ್ಮತಿಯೆಂದೇ ತಿಳಿದಿದ್ದರು. ಕೆಸರಾದ ಪ್ಯಾಂಟು ಒಗೆದರೆ ಹೋಗುತ್ತದೆ. ನಾಲ್ಕು ಜನರೆದುರು ಬಗ್ಗಿದೆನಲ್ಲ ಎಂಬುದು ಒಗೆದರೂ ಹೋಗುವುದಿಲ್ಲವೆಂಬ ಭಯವೇ ಇಬ್ಬರನ್ನೂ ಮುಂದಕ್ಕೆ ನೂಕುತ್ತದೆ.

ಈ ಜಗಳಕ್ಕೆ ಇಬ್ಬರೂ ಬರಿಗೈಯಲ್ಲಿ ಬಂದವರಲ್ಲ, ಬೆಳಗಿನಿಂದ ಏನೇನನ್ನೋ ಹೊತ್ತು ತಂದಿರುತ್ತಾರೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂದು ನಮ್ಮ ಅಜ್ಜಿಯರು ಹೇಳಿದ್ದನ್ನು ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಸಂಗಡಿಗರು 1939ರಲ್ಲಿ ಒಂದು ಸಿದ್ಧಾಂತವಾಗಿ ಬರೆದರು. ಬೇಕಾದದ್ದಕ್ಕೆ ಅಡ್ಡಿಯಾದಾಗ ಹುಟ್ಟುವ ಹತಾಶೆ ಎಲ್ಲಾದರೂ ಹೊರಬರಲೇಬೇಕು; ಅಡ್ಡಿಮಾಡಿದವನು ಬಲಶಾಲಿಯಾದರೆ ದುರ್ಬಲನ ಮೇಲೆ ತಿರುಗುತ್ತದೆ ಎಂದರು. ಹತಾಶೆಗೊಂಡವರೆಲ್ಲ ಹೊಡೆಯುವುದಿಲ್ಲವಲ್ಲ ಎಂಬ ಪ್ರಶ್ನೆ ಬಂತು. ಲೆನರ್ಡ್ ಬರ್ಕೊವಿಟ್ಜ್ 1989ರಲ್ಲಿ ಅದನ್ನು ತಿದ್ದಿದ: ಹತಾಶೆ ಒಂದೇ ಅಲ್ಲ, ನೋವು, ಸೆಕೆ, ಹಸಿವು, ಮೈಮನಸ್ಸನ್ನು ಕೆಡಿಸುವ ಯಾವುದೇ ಆಗಲಿ, ಸಿಟ್ಟಿನ ಕಡೆಗೆ ವಾಲಿಸುತ್ತದೆ, ಹೊಡೆಯುವುದೋ ಬಿಡುವುದೋ ಆಮೇಲಿನ ಮಾತು. ಅರಿಜೋನಾದ ಫೀನಿಕ್ಸ್ ಬಿಸಿಲೂರು. ಅಲ್ಲಿ ಇಬ್ಬರು ಸಂಶೋಧಕರು ಒಂದು ಕಾರನ್ನು ಹಸಿರು ದೀಪ ಬಂದರೂ ಕದಲದಂತೆ ನಿಲ್ಲಿಸಿ, ಹಿಂದಿನ ಗಾಡಿಯವರು ಎಷ್ಟು ಹಾರ್ನ್ ಹೊಡೆಯುತ್ತಾರೆಂದು ಎಣಿಸಿ 1986ರಲ್ಲಿ ಪ್ರಕಟಿಸಿದರು. ಬಿಸಿಲು ಏರಿದಷ್ಟೂ ಹಾರ್ನ್ ಏರಿತು, ಅದರಲ್ಲೂ ಕಿಟಕಿ ತೆರೆದು ಬೇಯುತ್ತಿದ್ದವರದು. ಮುಂದಿನ ಕಾರಿನವನಿಗೂ ಆ ಸೆಕೆಗೂ ಏನೂ ಸಂಬಂಧವಿರಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರಿಗೆ ಈ ಪ್ರಯೋಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಎದುರಿನವನ ಮೇಲೆ ರೇಗುವ ಮೊದಲು ನಿನ್ನನ್ನೇ ಕೇಳಿಕೋ: ಊಟ ಆಗಿದೆಯಾ? ರಾತ್ರಿ ನಿದ್ದೆ ಬಂತಾ? ಬಾಸ್ ಏನಂದ? ಕುಡಿದಿದ್ದೇನಾ? ಮದ್ಯ ಸಿಟ್ಟನ್ನು ಹುಟ್ಟಿಸುತ್ತದೆ ಎನ್ನುವುದಕ್ಕಿಂತ ನೋಟವನ್ನು ಕಿರಿದು ಮಾಡುತ್ತದೆ ಎನ್ನುವುದು ಸರಿ. ಎದುರಿಗಿರುವ ಬೈಗುಳ ಕಾಣುತ್ತದೆ. ನಾಳೆಯ ಠಾಣೆ, ಅಮ್ಮನ ಮುಖ, ಕೆಲಸ, ಯಾವುದೂ ಕಾಣುವುದಿಲ್ಲ. ಕುಡಿದಾಗ ನ್ಯಾಯ ತೀರ್ಮಾನಕ್ಕೆ ಹೊರಡಬೇಡ. ಗಾಡಿಯಲ್ಲಿ ಕ್ರಿಕೆಟ್ ಬ್ಯಾಟು, ಕಬ್ಬಿಣದ ರಾಡು ‘ಸೇಫ್ಟಿಗೆ ಇರಲಿ’ ಎಂದು ಇಟ್ಟುಕೊಳ್ಳಬೇಡ. ಆ ಐದನೇ ಹೆಜ್ಜೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆಯೇ ಪ್ರಕರಣ ಗಾಯದ್ದೋ ಕೊಲೆಯದ್ದೋ ಎಂಬುದು ನಿಂತಿರುತ್ತದೆ.

ಇನ್ನು ಹೊಡೆಯುವುದನ್ನು ನಾವು ಕಲಿಯುವುದು ಎಲ್ಲಿಂದ? 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಆಲ್ಬರ್ಟ್ ಬಂಡೂರ 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ. ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ದೊಡ್ಡವರು ಸುತ್ತಿಗೆಯಿಂದ ಬಡಿದು, ಒದ್ದು, ಬೈಯುವುದನ್ನು ಕೆಲವು ಮಕ್ಕಳು ನೋಡಿದರು. ಆಮೇಲೆ ಗೊಂಬೆಯ ಜೊತೆ ಬಿಟ್ಟಾಗ ಆ ಮಕ್ಕಳು ಅದೇ ರೀತಿ ಬಡಿದರು, ಅದೇ ಮಾತಿನಲ್ಲಿ ಬೈದರು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಬಹುಮಾನ ಕೊಟ್ಟಿರಲಿಲ್ಲ. ಸಿನಿಮಾದ ಲಾಂಗು–ಮಚ್ಚನ್ನು ಬೈಯುವುದು ಸುಲಭ. ಅಪ್ಪ ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸಿ ಆಟೋದವನಿಗೆ ಬೈಯುವಾಗ ಹಿಂದಿನ ಸೀಟಿನಲ್ಲಿ ಕೂತ ಮಗು ಏನು ಕಲಿಯುತ್ತದೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ನೀನು ಇವತ್ತು ಆ ಹಿಂದಿನ ಸೀಟಿನಿಂದ ಇಳಿದು ಬಂದವನು. ನಾಳೆ ನಿನ್ನ ಹಿಂದೆಯೂ ಒಂದು ಮಗು ಕೂರುತ್ತದೆ.

ಮರ್ಯಾದೆಯ ವಿಷಯಕ್ಕೆ ಬರೋಣ, ಗಂಟು ಇರುವುದು ಅಲ್ಲೇ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ನಿಸ್ಬೆಟ್, ಡೊವ್ ಕೊಹೆನ್ ಮತ್ತು ಸಂಗಡಿಗರು ನಡೆಸಿದ, 1996ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಬಹಳ ಹಿಡಿಸಿದ್ದು. ವಿದ್ಯಾರ್ಥಿಯೊಬ್ಬ ಇಕ್ಕಟ್ಟಿನ ಕಾರಿಡಾರಿನಲ್ಲಿ ನಡೆದು ಹೋಗಬೇಕು. ಅಲ್ಲಿ ಕಡತದ ಡ್ರಾಯರ್ ತೆರೆದು ನಿಂತಿದ್ದವನು ಅದನ್ನು ಧಡಾರನೆ ಮುಚ್ಚಿ, ಭುಜಕ್ಕೆ ಭುಜ ತಾಗಿಸಿ, ಒಂದು ಕೆಟ್ಟ ಬೈಗುಳ ಗೊಣಗಿ ಒಳಗೆ ಹೋಗುತ್ತಾನೆ. ಅಮೆರಿಕದ ಉತ್ತರ ರಾಜ್ಯಗಳ ಹುಡುಗರಲ್ಲಿ ಹೆಚ್ಚಿನವರು ನಕ್ಕು ಬಿಟ್ಟರು. ದಕ್ಷಿಣದವರಿಗೆ ಮೈ ಉರಿಯಿತು. ಜೊಲ್ಲಿನ ಪರೀಕ್ಷೆಯಲ್ಲಿ ಒತ್ತಡದ ಹಾರ್ಮೋನು ಏರಿದ್ದೂ ಕಂಡಿತು. ಇನ್ನೊಂದು ಸಲ ಅದೇ ಕಾರಿಡಾರಿನಲ್ಲಿ ಎದುರಿನಿಂದ ಒಬ್ಬ ಧಡೂತಿ ಆಸಾಮಿಯನ್ನು ನಡೆಸಿದರು. ಬೈಸಿಕೊಳ್ಳದ ದಕ್ಷಿಣದ ಹುಡುಗರು ಸುಮಾರು 9 ಅಡಿ ದೂರದಲ್ಲೇ ಸರಿದು ದಾರಿ ಬಿಟ್ಟರು, ಉತ್ತರದವರಿಗಿಂತ ಹೆಚ್ಚು ಸೌಜನ್ಯದಿಂದ. ಬೈಸಿಕೊಂಡವರು 3 ಅಡಿ ಹತ್ತಿರಕ್ಕೆ ಬರುವವರೆಗೂ ಸರಿಯಲಿಲ್ಲ. ಬೈದದ್ದನ್ನು ಇನ್ನೊಬ್ಬ ನೋಡಿದ್ದರೆ, ತಾನು ಅವನ ಕಣ್ಣಲ್ಲಿ ಗಂಡಸಲ್ಲದವನಾದೆ ಎಂದೂ ಇವರು ನಂಬಿದ್ದರು.

ಅದು ರಕ್ತದ ಗುಣ ಎಂದು ಆ ಸಂಶೋಧಕರು ಹೇಳಲಿಲ್ಲ. ಆ ದಕ್ಷಿಣದ ನಾಡಿಗೆ ಬಂದು ನೆಲೆಸಿದವರಲ್ಲಿ ಹಲವರು ದನ–ಕುರಿ ಕಾಯುವ ಸೀಮೆಗಳಿಂದ ಬಂದವರು. ಪೊಲೀಸು, ಕೋರ್ಟು ದೂರ. ಹಟ್ಟಿಯ ದನ ಹೊಡೆದುಕೊಂಡು ಹೋದರೆ ರಾತ್ರೋರಾತ್ರಿ ಬಡತನ. ‘ಇವನ ತಂಟೆ ಬೇಡ’ ಎಂಬ ಹೆಸರೇ ಅಲ್ಲಿ ಬೇಲಿ. ದನ ಹೋಯಿತು, ಹಟ್ಟಿ ಹೋಯಿತು, ಆ ಹೆಸರಿನ ಚಟ ಉಳಿಯಿತು ಎಂಬುದು ಅವರ ವಾದ. ನಮ್ಮ ಮೀಸೆಯ ಕಥೆಯೂ ಸ್ವಲ್ಪ ಹಾಗೆಯೇ. ನಿನ್ನ ಆಸ್ತಿಯನ್ನು ಕಾಯಲು ಈಗ ಪಹಣಿ ಇದೆ, ಠಾಣೆ ಇದೆ, ಸಿಸಿಟಿವಿ ಇದೆ. ಚಹಾ ಅಂಗಡಿಯಲ್ಲಿ ಗುರಾಯಿಸಿದವನನ್ನು ಬಗ್ಗಿಸಿ ನೀನು ಏನನ್ನೂ ಕಾಪಾಡಿಕೊಳ್ಳುತ್ತಿಲ್ಲ. ವಿಶ್ವಸಂಸ್ಥೆಯ 2019ರ ಅಧ್ಯಯನದಂತೆ ಜಗತ್ತಿನಲ್ಲಿ ಕೊಲೆಯ ಶಂಕಿತರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗಂಡಸರು. ‘ಗಂಡ್ಸಾದ್ರೆ ಬಾ’ ಎಂಬ ಮಾತಿನ ಬೆಲೆ ಅದು. ತಂಗಿ, ಈ ಪತ್ರವನ್ನು ನೀನೂ ಓದುತ್ತಿದ್ದರೆ ಒಂದು ಮಾತು: “ಅವನು ಹಾಗಂದಾಗ ನೀನು ಸುಮ್ಮನಿದ್ದೆಯಲ್ಲ” ಎಂದು ಅಣ್ಣನನ್ನೋ ಗೆಳೆಯನನ್ನೋ ಹಂಗಿಸಬೇಡ. ಆ ಮೂದಲಿಕೆಗಾಗಿಯೇ ವಾಪಸು ಹೋಗಿ ಹೊಡೆದು ಬಂದವರಿದ್ದಾರೆ.

‘ಸಿಟ್ಟು ಒಳಗೆ ಇಟ್ಟುಕೊಳ್ಳಬಾರದು, ಹೊರಗೆ ಹಾಕಿಬಿಡಬೇಕು’ ಎಂದು ನಿನಗೆ ಯಾರಾದರೂ ಹೇಳಿರುತ್ತಾರೆ. ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು 600 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ. ಅವರು ಬರೆದ ಪ್ರಬಂಧವನ್ನು ಕಟುವಾಗಿ ಹೀಗಳೆದು ಮೊದಲು ಸಿಟ್ಟು ಬರಿಸಿದರು. ಒಂದು ಗುಂಪು ಹೀಗಳೆದವನನ್ನೇ ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿತು, ಇನ್ನೊಂದು ವ್ಯಾಯಾಮವೆಂದು ಭಾವಿಸಿ ಗುದ್ದಿತು, ಮೂರನೆಯದು ಎರಡು ನಿಮಿಷ ಸುಮ್ಮನೆ ಕೂತಿತು. ಹೀಗಳೆದವನ ಕಿವಿಗೆ ಕರ್ಕಶ ಸದ್ದು ಬಿಡುವ ಅವಕಾಶ ಕೊಟ್ಟಾಗ ಎಲ್ಲರಿಗಿಂತ ಹೆಚ್ಚು ಕ್ರೂರವಾಗಿ ನಡೆದುಕೊಂಡದ್ದು ಅವನನ್ನು ನೆನೆದು ಗುದ್ದಿದ ಗುಂಪು. ಎಲ್ಲರಿಗಿಂತ ಕಡಿಮೆ, ಸುಮ್ಮನೆ ಕೂತ ಗುಂಪು. ಗುದ್ದಿದರೆ ಸಿಟ್ಟು ಖಾಲಿಯಾಗುವುದಿಲ್ಲ, ಮೆಲುಕು ಹಾಕಿದಷ್ಟೂ ಬೆಳೆಯುತ್ತದೆ. ರಾತ್ರಿ ವಾಟ್ಸ್ಯಾಪ್ ಗುಂಪಿನಲ್ಲಿ ಆ ಜಗಳವನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದೂ ಗುದ್ದಿದಂತೆಯೇ.

ಸುಮ್ಮನಿರುವ ಆ ಕಾಲಕ್ಕೆ ಕಾನೂನಿನಲ್ಲೂ ಬೆಲೆಯಿದೆ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಹಾಗಾಯಿತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1961ರಲ್ಲಿ ತಳ್ಳಿಹಾಕಿತು. ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟವನು ಗುಂಡು ಹಾರಿಸಿದ್ದು 4.20ಕ್ಕೆ, ಮನಸ್ಸು ಹಿಡಿತಕ್ಕೆ ಬರಲು ಅಷ್ಟು ಹೊತ್ತು ಸಾಕಿತ್ತು ಎಂದಿತು ನ್ಯಾಯಾಲಯ. ಹಾಗಾದರೆ ತಕ್ಷಣ ಹೊಡೆದರೆ ಪಾರು ಎಂದುಕೊಳ್ಳಬೇಡ. ಹಠಾತ್ ಜಗಳದ ಬಿಸಿಯಲ್ಲಿ, ಪೂರ್ವಯೋಜನೆಯಿಲ್ಲದೆ, ಕ್ರೌರ್ಯವಿಲ್ಲದೆ ಆದ ಸಾವು ಕೊಲೆಯಲ್ಲ ಎಂದು ಕಾನೂನು ಹೇಳುವುದು ನಿಜ. ಅದು ಕೊಲೆಯಲ್ಲದ ದಂಡನೀಯ ನರಹತ್ಯೆ; ಅದಕ್ಕೂ ಹತ್ತು ವರ್ಷದವರೆಗೆ, ಕೆಲವೊಮ್ಮೆ ಜೀವಾವಧಿ. ಎಲ್ಲ ಕಕ್ಷಿದಾರರೂ ಮೊದಲು ಹೇಳುವುದು “ಶುರು ಮಾಡಿದ್ದು ಅವನೇ ಸಾರ್” ಎಂದು. ಹಠಾತ್ ಜಗಳದ ವಿನಾಯಿತಿಯ ಕೆಳಗೆ ಕಾನೂನೇ ಬರೆದಿದೆ: ಕೆಣಕಿದವರು ಯಾರು, ಮೊದಲು ಕೈ ಮಾಡಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ.

ಈಗ ಆ ಮೂರನೆಯವನ ಮಾತು. ನಿನ್ನ ಬದುಕಿನಲ್ಲಿ ನೀನೇ ಹೊಡೆದಾಡುವ ಸಂದರ್ಭ ಬಂದರೂ ಬಂತು, ಬಾರದಿದ್ದರೂ ಇಲ್ಲ. ಇಬ್ಬರ ಪಕ್ಕದಲ್ಲಿ ನಿಂತು ನೋಡುವ ಸಂದರ್ಭ ಖಂಡಿತ ಬರುತ್ತದೆ. ‘ಜನ ಸುಮ್ಮನೆ ನೋಡುತ್ತಾ ನಿಂತಿರುತ್ತಾರೆ, ಯಾರೂ ಬರುವುದಿಲ್ಲ’ ಎಂಬುದು ಎಲ್ಲರ ಬಾಯಲ್ಲೂ ಇರುವ ದೂರು. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರಗಳ ಬೀದಿ ಜಗಳಗಳ 219 ಸಿಸಿಟಿವಿ ದೃಶ್ಯಗಳನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಬೇರೆಯದೇ ಚಿತ್ರ ಕೊಟ್ಟಿತು. ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಹೆಚ್ಚಿತ್ತು. ನಮ್ಮ ಠಾಣೆಗಳ ದೂರಿನಲ್ಲೂ ‘ಬಂದು ಜಗಳ ಬಿಡಿಸಿರುತ್ತಾರೆ’ ಎಂಬ ಸಾಲು ತಪ್ಪದೆ ಇರುವುದು ಅದಕ್ಕೇ. ಲಕನ್‌ಬಿಲ್ ಕಂಡ ಜನರೂ ಇವರೇ, ಇಲ್ಲಿ ಮಧ್ಯೆ ಬಂದವರೂ ಇವರೇ. ಸುತ್ತ ನಿಂತವರು ಏನು ಮಾಡುತ್ತಾರೋ ಅದರಂತೆ ಜಗಳ ನಡೆಯುತ್ತದೆ.

ಬಿಡಿಸುವುದಕ್ಕೂ ಒಂದು ಕ್ರಮವಿದೆ. ಎದುರಾಳಿಯನ್ನು ಹಿಡಿಯಬೇಡ, ನಿನ್ನ ಗೆಳೆಯನನ್ನೇ ಹಿಡಿ. ಎದುರಾಳಿಯನ್ನು ಹಿಡಿದರೆ ಇಬ್ಬರು ಸೇರಿ ಒಬ್ಬನನ್ನು ಹೊಡೆದರು ಎಂದಾಗುತ್ತದೆ. ಮಾತು ನಾಲ್ಕನೇ ಹೆಜ್ಜೆಗೆ ಹೋಗುವ ಮೊದಲೇ, ಎರಡನೆಯದರಲ್ಲೇ ಬಾಯಿ ಹಾಕು. ಯಾರು ಸರಿ ಎಂದು ಅಲ್ಲೇ ತೀರ್ಪು ಕೊಡಬೇಡ. “ಬಾರೋ, ಬಸ್ ಹೋಗುತ್ತೆ”, “ಅಮ್ಮ ಫೋನ್ ಮಾಡಿದ್ರು” ಎಂದೇನಾದರೂ ಹೇಳಿ ಕರೆದುಕೊಂಡು ಹೋಗು. ಸೋಲದೆ ಹೊರಡಲು ಅವನಿಗೊಂದು ನೆಪ ಸಿಕ್ಕಿತು. ಕೈಯಲ್ಲಿ ಆಯುಧವಿದ್ದರೆ ಹತ್ತಿರ ಹೋಗಬೇಡ, 112ಕ್ಕೆ ಕರೆ ಮಾಡು, ಜೋರಾಗಿ ಕೂಗಿ ಜನ ಸೇರಿಸು. ಮೊಬೈಲ್ ಎತ್ತಿ ವಿಡಿಯೊ ಮಾಡುವುದನ್ನು ಮೊದಲು ಬಿಡು. ಅಲ್ಲಿ ನಿಂತ ಹತ್ತು ಜನರ ಕಣ್ಣೇ ಹಿಂದೆ ಸರಿಯಲು ಬಿಡದಿರುವಾಗ ಊರಿಡೀ ನೋಡುತ್ತದೆಂದು ಗೊತ್ತಾದವನು ಹೇಗೆ ಸರಿದಾನು?

ಹಿಂದೆ ಸರಿದವನು ಹೇಡಿ ಎನ್ನುವವರಿಗೆ ನಮ್ಮ ನಾಡಿನಲ್ಲೇ ಉತ್ತರವಿದೆ. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಭರತ–ಬಾಹುಬಲಿಯರು ಎರಡು ಸೈನ್ಯಗಳ ಎದುರು ನಿಲ್ಲುತ್ತಾರೆ. ಸೈನ್ಯ ಸಾಯುವುದು ಬೇಡ, ನೀವಿಬ್ಬರೇ ತೀರ್ಮಾನಿಸಿಕೊಳ್ಳಿ ಎಂದು ನಡುವೆ ಬಂದವರು ಮಂತ್ರಿಗಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಬಾಹುಬಲಿಯೇ ಗೆದ್ದ. ಎತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ, ಗೆದ್ದ ರಾಜ್ಯವನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಬಿಟ್ಟು ನಡೆದ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಹತ್ತನೇ ಶತಮಾನದ ಕೊನೆಯಲ್ಲಿ ಚಾವುಂಡರಾಯ, ತಾನೇ ಸೇನಾಪತಿಯಾಗಿದ್ದವನು, ನಿಲ್ಲಿಸಿದ್ದು ಬಿಟ್ಟು ನಡೆದವನ ವಿಗ್ರಹವನ್ನು.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಉಪದೇಶವಲ್ಲ. ಸಿಟ್ಟು ಬಂದಾಗ ಬುದ್ಧಿ ಬಳಸುತ್ತೇನೆ ಎಂಬ ಪ್ರತಿಜ್ಞೆ ಸಿಟ್ಟು ಬಂದಾಗ ನೆನಪಿಗೆ ಬರುವುದಿಲ್ಲ. ಆದ್ದರಿಂದ ಸಿಟ್ಟಿಲ್ಲದ ಹೊತ್ತಿನಲ್ಲಿ, ಈ ವಾರವೇ, ನಿನ್ನ ಗೆಳೆಯರ ಗುಂಪಿನಲ್ಲಿ ಕೂತು ಒಂದು ಕರಾರು ಮಾಡಿಕೊಳ್ಳಿ: ನಮ್ಮಲ್ಲಿ ಯಾರಿಗೆ ಮಾತು ಏರಿದರೂ ಉಳಿದವರು ಅವನನ್ನು ಅಲ್ಲಿಂದ ಎಳೆದುಕೊಂಡು ಬರಬೇಕು, ಹಾಗೆ ಬಂದವನನ್ನು ಆಮೇಲೆ ಯಾರೂ ಹಂಗಿಸಕೂಡದು. ಈ ಎರಡನೇ ಷರತ್ತು ಮರೆಯಬೇಡಿ. ಮೊದಲನೆಯದು ಉಳಿಯುವುದು ಅದರಿಂದಲೇ.